ಓಣಿಯ ಹೆಸರು, ವಾರ್ಡಿನ ಅಂಕೆ

ಧಾರವಾಡ ಜಿಲ್ಲೆಯ ಯಾವದಾದರೊಂದು ಸಣ್ಣ ಪಟ್ಟಣಕ್ಕೆ ಹೊಸಬನೊಬ್ಬನು ಬಂದು ಒಂದು ಮನೆಯ ಗುರುತು ಕೇಳಿದರೆ, ಊರವರು ಮೊದಲು ಕೇಳುವ ಮರುಪ್ರಶ್ನೆ ‘ಯಾವ ಓಣಿ?’ ಎಂಬದೇ ಆಗಿರುವದು. ವಾರ್ಡಿನ ಅಂಕೆಯನ್ನು ಹೇಳಿದರೆ ಎಷ್ಟೋ ಜನರು ಮುಖ ಮುಖ ನೋಡಿಕೊಳ್ಳುವರು. ಪುರಸಭೆಯ ದಫ್ತರದಲ್ಲಿ ಮಾತ್ರ ಅಂಕೆಯದೇ ದರಬಾರು. ಮತಗಳನ್ನು ಎಣಿಸುವದಕ್ಕೂ ಕರ ವಸೂಲು ಮಾಡುವದಕ್ಕೂ ಅಂಕೆ ಸಾಕು. ಆದರೆ ಓಣಿಯಲ್ಲಿ ಬಾಳುವವರ ಕಷ್ಟಸುಖಗಳನ್ನು ಅರಿಯುವದಕ್ಕೆ ಅದು ಸಾಲದು. ಈ ಮಾತನ್ನು ಮುಖ್ಯವಾಗಿ ನವಲಗುಂದ ಪಟ್ಟಣದ ಉದಾಹರಣೆಯಿಂದ ವಾಚಕರ ಮುಂದಿಡಬೇಕೆಂದಿರುವೆವು.

ನವಿಲುಗಳಿಂದ ಹೆಸರು ಪಡೆದ ಗುಡ್ಡದ ಮಗ್ಗುಲಲ್ಲಿ, ಎರೆಭೂಮಿಯ ನಡುವೆ ನಿಂತ ಊರಿದು. ಹಳೆಯ ಊರಿನಲ್ಲಿ ಮನೆಗೆ ಮನೆ ಹತ್ತಿಕೊಂಡಿವೆ. ದಪ್ಪ ಮಣ್ಣಿನ ಗೋಡೆ, ಮೇಲೆ ಮಣ್ಣು ಹೊದಿಸಿದ ಮಾಳಿಗೆ, ನಡುವೆ ಒಂದು ಬೆಳಕಿಂಡಿ, ಬಾಗಿಲ ಎಡಬಲಕ್ಕೆ ಕಟ್ಟೆ, ಇದು ಇಲ್ಲಿಯ ಪೂರ್ವಜರು ಬಿಸಿಲಿಗೂ ಬರಕ್ಕೂ ಕಂಡುಕೊಂಡ ಉತ್ತರ. ಒಕ್ಕಲಿಗರ ಓಣಿಗಳಲ್ಲಿ ಎತ್ತುಗಳೂ ಮನುಷ್ಯರೂ ಒಂದೇ ತಲಬಾಗಿಲಿನಿಂದ ಒಳಹೋಗುವ ಮನೆಗಳು ಇನ್ನೂ ಉಳಿದಿವೆ. ರಾಮಲಿಂಗ ಓಣಿಗೆ ಹೋಳಿಯ ದಿನಗಳಲ್ಲಿ ಹರಕೆ ಹೊತ್ತವರು ದೂರದೂರದಿಂದ ಬರುವರು. ಆಗ ಆ ಓಣಿಯ ಕಾಮಣ್ಣನು ಇಡೀ ನಾಡಿನ ಕಾಮಣ್ಣನಾಗುವನು. ಅಜಾತ ನಾಗಲಿಂಗಸ್ವಾಮಿಗಳ ಮಠಕ್ಕೆ ನಡೆದುಕೊಳ್ಳುವವರಲ್ಲಿ ಎಲ್ಲ ಓಣಿಯವರೂ ಇರುವರು. ಬಾವಿಗಳ ನೀರು ಉಪ್ಪಾದ ಈ ಸೀಮೆಯಲ್ಲಿ ನೀಲಮ್ಮನ ಕೆರೆಯೊಂದು ಎಲ್ಲರ ಬಾಯಾರಿಕೆಯನ್ನೂ ಹಿಂಗಿಸುತ್ತ ಬಂದಿರುವದು.

ಈ ಓಣಿಗಳ ನಡುವೆ ಜಮಖಾನೆ ಓಣಿಯದು ಬೇರೆಯೇ ಒಂದು ಕಥೆ. ವಿಜಯಪುರದ ಆದಿಲಶಾಹಿಯ ಕಾಲದಲ್ಲಿ, ಯುದ್ಧದ ಗದ್ದಲದಿಂದ ದೂರ ಸರಿದು ನೆಮ್ಮದಿಯಿಂದ ನೇಯಬೇಕೆಂದು ಬಂದವರು ಇಲ್ಲಿ ನೆಲೆಸಿದರೆಂಬದು ಪರಂಪರೆಯ ಮಾತು. ಇಲ್ಲಿ ನೇಯುವವರು ಮುಸಲ್ಮಾನ ಮನೆತನಗಳ ಹೆಂಗಸರು. ಮನೆಯೊಳಗೇ ನೆಟ್ಟಗೆ ನಿಲ್ಲಿಸಿದ ಮಗ್ಗದ ಮುಂದೆ ಕುಳಿತು, ಅಡಿಗೆ ಮಕ್ಕಳುಗಳ ನಡುವೆ, ನವಿಲು, ಪಗಡೆಯ ಹಾಸು ಮುಂತಾದ ಚಿತ್ರಗಳನ್ನು ನೂಲಿನಲ್ಲಿ ಎತ್ತುವರು; ನಮಾಜಿನ ಹಾಸುಗಳನ್ನೂ ನೇಯುವರು. ಮಗಳು ಮದುವೆಯಾಗಿ ಪರರ ಮನೆಗೆ ಹೋಗುವವಳೆಂದು ಅವಳಿಗೆ ಕಲಿಸದೆ, ಸೊಸೆಗೆ ಕಲಿಸುವದು ಅವರ ಹಳೆಯ ಪದ್ಧತಿ. ವಿದ್ಯೆಯು ಓಣಿಯನ್ನು ದಾಟಿ ಹೋಗದಂತೆ ಕಟ್ಟಿದ ಬೇಲಿಯಿದು. ಅಂದು ಅದು ಕಸಬನ್ನು ಕಾಯಿತು. ಇಂದು ಹೊಟ್ಟೆಗೆ ಸಾಲದ ಕೂಲಿಯಿಂದಾಗಿ ಸೊಸೆಯೂ ಕಲಿಯಲೊಲ್ಲಳು. ಆದ್ದರಿಂದ ಅದೇ ಬೇಲಿಯು ಕಸಬಿಗೆ ಉರುಳಾಗುತ್ತಿರುವದು. 2011ರಲ್ಲಿ ನವಲಗುಂದದ ಜಮಖಾನೆಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಊರಿನ ಹೆಸರಿಗೆ ಕಾಯಿದೆಯ ರಕ್ಷಣೆ ಸಿಕ್ಕಿತು; ಮಗ್ಗ ನಿಲ್ಲುವ ಮನೆಗೆ ಏನು ಸಿಕ್ಕಿತೆಂದು ನಾವು ಕೇಳಬೇಕಾಗಿರುವದು.

ಏಕೆಂದರೆ ಈ ಕಸಬಿಗೆ ಮನೆಯೇ ಕಾರಖಾನೆ. ಮಗ್ಗಕ್ಕೆ ಎತ್ತರದ ಗೋಡೆ ಬೇಕು, ಬಣ್ಣ ಗುರುತಿಸಲು ಬೆಳಕು ಬೇಕು, ನೂಲು ಕೆಡದಂತೆ ಒಣ ನೆಲ ಬೇಕು. ಗಟಾರದ ನೀರು ಹೊಸ್ತಿಲಿಗೆ ಬಂದರೆ ಬೇರೆಯವರಿಗೆ ಅದು ಒಂದು ದಿನದ ಅಸಹ್ಯ, ನೇಕಾರ್ತಿಗೆ ಹಲವು ದಿನಗಳ ದುಡಿಮೆಯ ನಾಶ. 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಆವಾಸ ಯೋಜನೆಯು ಪಟ್ಟಣದ ಬಡ ಕುಟುಂಬದ ಮನೆಗೆ 30 ಚದರ ಮೀಟರಿನ ಅಳತೆಯನ್ನು ಇಟ್ಟುಕೊಂಡಿತು. ತಲೆಯ ಮೇಲೆ ಸೂರಿಲ್ಲದವನಿಗೆ ಅದು ದೊಡ್ಡ ವರವೇ ಸರಿ. ಆದರೆ ಅಷ್ಟರೊಳಗೆ ಅಡಿಗೆ, ಮಲಗುವದು, ಮಕ್ಕಳ ಓದು ಎಲ್ಲವನ್ನೂ ಹೊಂದಿಸಿದ ಮೇಲೆ ಮಗ್ಗವನ್ನು ಎಲ್ಲಿ ನಿಲ್ಲಿಸಬೇಕು? ಒಂದೇ ನಕ್ಷೆಯನ್ನು ಎಲ್ಲ ಓಣಿಗೂ ಹೊಂದಿಸುವವನು ಮನೆಯನ್ನು ಕೊಟ್ಟು ಕಸಬನ್ನು ಕಸಿದುಕೊಳ್ಳುವನು.

ಇದು ನವಲಗುಂದವೊಂದರ ಪ್ರಶ್ನೆಯಲ್ಲ. ಮಳೆನಾಡಿನ ಅಂಚಿನಲ್ಲಿರುವ ಕಲಘಟಗಿಯಲ್ಲಿ ಮಾಳಿಗೆಯ ಬದಲು ಇಳಿಜಾರಿನ ಹಂಚಿನ ಮನೆಗಳು ಕಾಣುವವು. ಅಲ್ಲಿಯ ಚಿತ್ರಗಾರರು ರಾಮಾಯಣ ಮಹಾಭಾರತಗಳ ಪ್ರಸಂಗಗಳನ್ನು ಬರೆದ ಬಣ್ಣದ ತೊಟ್ಟಿಲುಗಳು ನಾಡಿನಲ್ಲೆಲ್ಲ ಪ್ರಸಿದ್ಧವಾಗಿವೆ. ಆ ಕೆಲಸಕ್ಕೂ ಮನೆಯ ಪಡಸಾಲೆಯೇ ಆಸರೆ. 1948ರ ವರೆಗೆ ಜಮಖಂಡಿ ಸಂಸ್ಥಾನಕ್ಕೆ ಸೇರಿದ್ದ ಕುಂದಗೋಳದಲ್ಲಿ ಸವಾಯಿ ಗಂಧರ್ವರು ಶಿಷ್ಯರಿಗೆ ಹಾಡು ಕಲಿಸಿದರು. ಭೀಮಸೇನ ಜೋಶಿಯವರು ಅಲ್ಲಿ ಗುರುಗಳ ಬಳಿಯಲ್ಲಿದ್ದು ಕಲಿತರು. ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೇಲಿನಲ್ಲಿ ಹೋಗಿಬರುತ್ತಿದ್ದರು. ಅಲ್ಲಿಯ ನಾಡಿಗೇರ ವಾಡೆಯು ಇಂದಿಗೂ ಸಂಗೀತಗಾರರಿಗೆ ಪುಣ್ಯಸ್ಥಳ. ಅಣ್ಣಿಗೇರಿಯಲ್ಲಂತೂ ಜನವಸತಿಯ ನಡುವೆಯೇ ಹನ್ನೊಂದನೆಯ ಶತಮಾನದ ಅಮೃತೇಶ್ವರ ದೇವಾಲಯ ನಿಂತಿರುವದು. ವಾಡೆಯೂ ಮಗ್ಗದ ಮನೆಯೂ ಗುಡಿಯ ಸುತ್ತಲಿನ ಓಣಿಯೂ ಕರದ ಪುಸ್ತಕದಲ್ಲಿ ಒಂದೇ ಬಗೆಯ ಆಸ್ತಿಗಳು, ಜನಜೀವನದಲ್ಲಿ ಹಾಗಲ್ಲ.

ಇಷ್ಟು ಹೇಳಿದ ಮಾತ್ರಕ್ಕೆ ಹಳೆಯ ಓಣಿಯನ್ನು ನಾವು ಸ್ವರ್ಗವೆಂದು ಕೊಂಡಾಡುವವರಲ್ಲ. ಓಣಿಯು ನೆರೆಹೊರೆಯನ್ನು ಕಟ್ಟಿದಂತೆಯೇ ಜಾತಿಯ ಗೋಡೆಯನ್ನೂ ಕಟ್ಟಿತು. ಅಗಸಿಯ ಹೊರಗೆ, ತಗ್ಗಿನಲ್ಲಿ, ಊರ ನೀರೆಲ್ಲ ಹರಿದುಹೋಗುವ ಕಡೆಯಲ್ಲಿ ಕೇರಿಯನ್ನು ಇಟ್ಟವರು ನಮ್ಮ ಹಿರಿಯರೇ. ಊರೆಲ್ಲ ಕುಡಿದ ಕೆರೆಯ ನೀರನ್ನು ಕೇರಿಯವರು ಮುಟ್ಟದಂತೆ ತಡೆದದ್ದೂ ಇದೇ ವ್ಯವಸ್ಥೆ. ಓಣಿಯ ಅಭಿಮಾನವೆಂದರೆ ಈ ಗೋಡೆಯ ಅಭಿಮಾನವಾಗಕೂಡದು. ನಳದ ನೀರು ಮೇಲಿನ ಓಣಿಗೆ ಮೊದಲು, ಕೇರಿಗೆ ಕೊನೆಗೆ ಬರುವ ಊರಿನಲ್ಲಿ ಕೊಳವೆಯು ಹೊಸದಾದರೂ ಪದ್ಧತಿಯು ಹಳೆಯದೇ.

ಇನ್ನು ಹೊಸ ಬಡಾವಣೆಗಳು. ಹುಬ್ಬಳ್ಳಿ-ವಿಜಯಪುರ ಹೆದ್ದಾರಿಯ ಇಕ್ಕೆಲಗಳಲ್ಲಿ ಹೊಲಗಳು ಪ್ಲಾಟುಗಳಾಗಿವೆ. ನೌಕರರೂ ವರ್ತಕರೂ ಹಳ್ಳಿ ಬಿಟ್ಟು ಬಂದವರೂ ಅಲ್ಲಿ ಮನೆ ಕಟ್ಟಿರುವರು. ಜಾತಿಯನ್ನು ಕೇಳದೆ ನೆರೆಯವರಾಗುವ ಸುಯೋಗ ಅಲ್ಲಿದೆ. ಆದರೆ ಎರೆಮಣ್ಣು ಯಾರ ಮಾತನ್ನೂ ಕೇಳುವದಿಲ್ಲ. ಮಳೆಯಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುವ ಆ ನೆಲದ ಮೇಲೆ ಗಟಾರವಿಲ್ಲದೆ ಮನೆ ಎದ್ದರೆ ಗೋಡೆ ಸೀಳುವದು, ದಾರಿ ಕೆಸರಾಗುವದು. ನಕ್ಷೆಗೆ ಒಪ್ಪಿಗೆ ಕೊಡುವಾಗಲೇ ನೀರು ಎತ್ತ ಹರಿಯಬೇಕೆಂದು ನೋಡುವದು ಪುರಸಭೆಯ ಮೊದಲ ಧರ್ಮ.

ಇದಕ್ಕೆಲ್ಲ ಮಾರ್ಗವೇನು? ಲಾರ್ಡ್ ರಿಪನ್ನರು 1882ರಲ್ಲಿ ಸ್ಥಳೀಯ ಸ್ವರಾಜ್ಯದ ಠರಾವನ್ನು ಹೊರಡಿಸಿದರು. ಸ್ವತಂತ್ರ ಭಾರತವು ಸಂವಿಧಾನದ 74ನೆಯ ತಿದ್ದುಪಡಿಯನ್ನು 1993ರ ಜೂನ್ 1ರಿಂದ ಜಾರಿಗೆ ತಂದು ಪುರಸಭೆಗಳಿಗೆ ಸಂವಿಧಾನದ ಬೆಂಬಲವನ್ನಿತ್ತಿತು. ಆದರೆ ಆ ತಿದ್ದುಪಡಿಯು ವಾರ್ಡು ಸಮಿತಿಗಳನ್ನು ಕಡ್ಡಾಯಗೊಳಿಸಿದ್ದು ಮೂರು ಲಕ್ಷ ಅಥವಾ ಹೆಚ್ಚಿನ ಜನಸಂಖ್ಯೆಯ ನಗರಗಳಲ್ಲಿ ಮಾತ್ರ. ಹಳ್ಳಿಗೆ ಗ್ರಾಮಸಭೆಯುಂಟು, ಮಹಾನಗರಕ್ಕೆ ವಾರ್ಡು ಸಮಿತಿಯುಂಟು. ನಡುವಿನ ಸಣ್ಣ ಪಟ್ಟಣದ ಓಣಿಗೆ ಬಾಯಿಲ್ಲ.

ಬಾಯಿ ಕೊಡಲು ಹೊಸ ಕಾಯಿದೆಯನ್ನೇ ಕಾಯುತ್ತ ಕೂಡ್ರಬೇಕಿಲ್ಲ. ಮುಖ್ಯಾಧಿಕಾರಿಗಳೂ ಸದಸ್ಯ ಮಹನೀಯರೂ ವರ್ಷಕ್ಕೆ ಎರಡು ಸಲ, ಅಂದಾಜುಪತ್ರಿಕೆಯನ್ನು ಬರೆಯುವ ಮುನ್ನ, ಒಂದೊಂದು ಓಣಿಯ ಕಟ್ಟೆಯ ಮೇಲೆ ಕುಳಿತು ಅಲ್ಲಿಯವರ ಮಾತನ್ನು ಕೇಳಲಿ. ಜಮಖಾನೆ ಓಣಿಯಲ್ಲಿ ಹೆಂಗಸರನ್ನೇ ಕೇಳಲಿ, ಮಗ್ಗ ಅವರ ಕೈಯಲ್ಲಿರುವದು. ಮೊದಲ ಸಭೆಯು ಕೇರಿಯಲ್ಲಿಯೇ ನಡೆಯಲಿ. ಇಷ್ಟು ಕಾಲ ಕೊನೆಗೆ ಕೇಳಿಸಿಕೊಂಡವರ ಸರದಿಯು ಇನ್ನು ಮುಂದಾಗಬೇಕು. ಪೌರರಾದ ನಾವೂ ನಮ್ಮ ಮನೆಯ ಮುಂದಿನ ಗಟಾರ ಹರಿದರೆ ಸಾಕೆನ್ನದೆ, ಅದು ಹರಿದು ಯಾರ ಮನೆಯ ಮುಂದೆ ನಿಲ್ಲುವದೆಂದು ಒಮ್ಮೆ ಹೋಗಿ ನೋಡಿ ಬರೋಣ.