ತಟ್ಟೆಯಲ್ಲಿರುವ ಹೆಸರು ಇಟ್ಟವರು ಯಾರು?

ನಮ್ಮ ಶಾವಿಗೆ ಪ್ಯಾಕೆಟ್ ಮೇಲೆ ಇಂಗ್ಲಿಷಿನಲ್ಲಿ ‘ವರ್ಮಿಸೆಲ್ಲಿ’ ಅಂತ ಬರೆದಿರುತ್ತೆ. ಅದು ಇಟಾಲಿಯನ್ ಪದ. ಅರ್ಥ, ಪುಟ್ಟ ಹುಳುಗಳು! ಇದು ಗೊತ್ತಾದ ದಿನ ಶಾವಿಗೆ ಉಪ್ಪಿಟ್ಟು ತಿನ್ನುತ್ತಿದ್ದವನು ಒಂದು ಕ್ಷಣ ಸುಮ್ಮನಾದೆ. ಆಮೇಲೆ ಉಳಿದ ಪಾಸ್ತಾ ಹೆಸರುಗಳ ಬೆನ್ನು ಹತ್ತಿದೆ.

ಬಹಳಷ್ಟು ಹೆಸರುಗಳು ಕಣ್ಣಿಗೆ ಕಂಡದ್ದನ್ನೇ ಹೇಳುತ್ತವೆ. ಸ್ಪಾಗೆಟ್ಟಿ ಅಂದ್ರೆ ಸಣ್ಣ ದಾರಗಳು. ಫರ್ಫಾಲೆ, ಚಿಟ್ಟೆಗಳು. ದಕ್ಷಿಣ ಇಟಲಿಯ ಪುಲಿಯಾದಲ್ಲಿ ಹಿಟ್ಟಿನ ಚೂರನ್ನು ಹೆಬ್ಬೆರಳಿನಿಂದ ಗುಳಿ ಬೀಳುವ ಹಾಗೆ ಒತ್ತಿ ಮಾಡುವ ಒರೆಕಿಯೆತ್ತೆ, ಪುಟ್ಟ ಕಿವಿಗಳು. ಎಂಜಿನಿಯರಿಂಗ್ ಓದಿದ ನನಗೆ ಹಿಡಿಸಿದ್ದು ಪೆನ್ನೆ. 1865ರಲ್ಲಿ ಜಿನೋವಾ ಬಳಿಯ ಜೊವಾನ್ನಿ ಬಟ್ಟಿಸ್ಟಾ ಕಪುರೊ ಎಂಬ ಪಾಸ್ತಾ ತಯಾರಕ, ಹಸಿ ಕೊಳವೆಯನ್ನು ಅಪ್ಪಚ್ಚಿಯಾಗದಂತೆ ಓರೆಯಾಗಿ ಕತ್ತರಿಸುವ ಯಂತ್ರಕ್ಕೆ ಪೇಟೆಂಟ್ ಪಡೆದ. ಆ ಓರೆ ತುದಿ ಗರಿಯ ಲೇಖನಿಯ ಮೊನೆಯಂತೆ ಕಂಡಿತು, ಪೆನ್ನೆ ಆಯಿತು.

ಇಲ್ಲಿಯವರೆಗೆ ಎಲ್ಲಾ ಚೆಂದ. ಆದರೆ ಸಿಟ್ಟಿನಲ್ಲಿ ಇಟ್ಟ ಹೆಸರೂ ಇದೆ. ಬತ್ತಿ ಹೊಸೆಯುವ ಹಾಗೆ ಅಂಗೈಯಲ್ಲಿ ಹೊಸೆದು ಮಾಡುವ ‘ಸ್ಟ್ರೊತ್ಸಪ್ರೇತಿ’ಯ ಅರ್ಥ, ಪಾದ್ರಿಯ ಕತ್ತು ಹಿಸುಕುವಂಥದ್ದು. ಇದು ಹೆಸರಾಗಿರುವ ರೊಮಾನ್ಯಾ ಸೀಮೆ 1859ರವರೆಗೆ ಪೋಪ್ ಆಳ್ವಿಕೆಯಲ್ಲಿತ್ತು. ಪಾದ್ರಿ ಗಬಗಬನೆ ತಿಂದು ಉಸಿರುಗಟ್ಟಿಸಿಕೊಂಡ ಅಂತ ಒಂದು ಕತೆ. ಚರ್ಚಿನ ಜಮೀನು ಮಾಡುತ್ತಿದ್ದವರ ಮನೆಯ ಹೆಂಗಸರು ಪಾದ್ರಿಗೆ ಪಾಸ್ತಾ ಮಾಡಿಕೊಡುವಾಗ ಮನಸ್ಸಿನಲ್ಲೇ ಶಪಿಸುತ್ತಿದ್ದರು ಅಂತ ಇನ್ನೊಂದು. ಕತೆ ಯಾವುದೇ ಇರಲಿ, ಸಿಟ್ಟು ಯಾರ ಮೇಲೆ ಅನ್ನೋದು ಸ್ಪಷ್ಟ.

ಮೇಲಿನವರನ್ನು ಹೊಗಳೋಕೆ ಇಟ್ಟ ಹೆಸರುಗಳೂ ಇವೆ. ಅಂಚಿಗೆ ನಿರಿಗೆ ಇರುವ ಮಫಾಲ್ದಿನೆ, ರಾಜ ಮೂರನೇ ವಿಕ್ಟರ್ ಇಮ್ಯಾನ್ಯುಯೆಲ್‌ನ ಮಗಳು ಮಫಾಲ್ದಾಳ ಹೆಸರಿನದು. ಮುಸೊಲಿನಿಗೆ 1922ರಲ್ಲಿ ಅಧಿಕಾರ ಕೊಟ್ಟಿದ್ದು ಇದೇ ರಾಜ. ಮಗಳು 1944ರಲ್ಲಿ ಸತ್ತಿದ್ದು ನಾಜಿಗಳ ಬುಖೆನ್‌ವಾಲ್ಡ್ ಶಿಬಿರದಲ್ಲಿ. ತ್ರಿಪೊಲಿನೆ ಎಂಬ ಹೆಸರಿನ ಹಿಂದಿರುವುದು ಲಿಬಿಯಾದ ತ್ರಿಪೋಲಿ. ಅದನ್ನು ಇಟಲಿ ಗೆದ್ದದ್ದು 1911ರಲ್ಲಿ. ಅಬಿಸ್ಸಿನೆಯ ಹಿಂದಿರುವುದು ಅಬಿಸೀನಿಯಾ, ಅಂದ್ರೆ ಇಥಿಯೋಪಿಯಾ. 1935ರಲ್ಲಿ ಮುಸೊಲಿನಿಯ ಸೇನೆ ಅದರ ಮೇಲೆ ದಂಡೆತ್ತಿ ಹೋಗಿ ವಿಷಾನಿಲ ಸುರಿಯಿತು.

2021ರ ಜನವರಿಯಲ್ಲಿ ಲಾ ಮೊಲಿಸಾನಾ ಎಂಬ ಪಾಸ್ತಾ ಕಂಪನಿಯ ವೆಬ್‌ಸೈಟಿನಲ್ಲಿ ಈ ಎರಡೂ ಹೆಸರುಗಳ ಬಗ್ಗೆ ವಸಾಹತು ಕಾಲವನ್ನು ಮೆಚ್ಚಿಕೊಳ್ಳುವ ಧಾಟಿಯ ವಿವರಣೆ ಇರುವುದನ್ನು ಜನ ಗಮನಿಸಿದರು. ಗಲಾಟೆಯಾಯಿತು. ಕಂಪನಿ ಕ್ಷಮೆ ಕೇಳಿತು, ಅಬಿಸ್ಸಿನೆಯನ್ನು ‘ಚಿಪ್ಪುಗಳು’ ಎಂಬ ಅರ್ಥದ ಕೊಂಕಿಲ್ಯೆ ಅಂತ ಕರೆಯುವುದಾಗಿ ಹೇಳಿತು. ಪಾಸ್ತಾಗೂ ರಾಜಕೀಯ ಬೇಕಾ ಅಂತ ಕೇಳಿದವರೂ ಇದ್ದರು.

ರಾಜಕೀಯ ಹೆಸರು ಇಟ್ಟ ದಿನವೇ ಬಂದಿತ್ತಲ್ಲ! ಹಾಗಾದರೆ ಪಾದ್ರಿಯ ಕತ್ತು ಹಿಸುಕುವ ಹೆಸರು ಉಳಿಯಬಹುದು, ಅಬಿಸ್ಸಿನೆ ಮಾತ್ರ ಯಾಕೆ ಹೋಗಬೇಕು? ನನ್ನ ಉತ್ತರ ಇಷ್ಟೇ: ಮೊದಲನೆಯದು ಆಳಿಸಿಕೊಂಡವರ ಕೊಂಕು, ಎರಡನೆಯದು ಆಳಿದವರ ಜಂಬ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗೋಕಾಗಲ್ಲ.

ಹಾಗಂತ ಪ್ಯಾಕೆಟ್ ಬದಲಾದರೆ ಮುಗಿಯಲಿಲ್ಲ. ಕೊಂಕಿಲ್ಯೆ ಅಂತ ಓದುವ ಮಗುವಿಗೆ ಇಥಿಯೋಪಿಯಾ ನೆನಪಾಗಲ್ಲ. ಹೆಸರು ಪ್ಯಾಕೆಟ್ಟಿನಿಂದ ಹೋಗಲಿ. ಒಂದು ಯುದ್ಧ ಅಡುಗೆಮನೆಯವರೆಗೆ ಹೇಗೆ ಬಂತು ಅನ್ನುವುದು ಶಾಲೆಯ ಪಾಠದಲ್ಲಿ ಇರಲಿ.