ಮದಗುಣಕಿ, ಬಚನಾಗ ಮತ್ತು ವಿಷ ಇಳಿಸುವ ಲೆಕ್ಕ

ಸಿಂಧನೂರು, ಮಸ್ಕಿ, ಲಿಂಗಸುಗೂರು ಕಡೆಯ ಎರೆಹೊಲಗಳಲ್ಲಿ ಮೆಣಸಿನಕಾಯಿ ಬಿಡಿಸಿ ಒಣಹಾಕುವ ಹೊತ್ತಿಗೆ, ಬದುವಿನ ಮೇಲಿನ ಮದಗುಣಕಿಯ ಮುಳ್ಳುಕಾಯಿಯೂ ಒಣಗಿ ಬಿರಿದಿರುತ್ತದೆ. ದತ್ತೂರಿ, ಉಮ್ಮತ್ತಿ ಎಂದು ಕರೆಯುವುದೂ ಇದನ್ನೇ. ಮೆಣಸಿನಕಾಯಿ, ಮದಗುಣಕಿ ಎರಡೂ ಬದನೆಯ ಕುಟುಂಬದವು, ಬೀಜಗಳಲ್ಲೂ ಅದೇ ಹೋಲಿಕೆ. ಇವೆರಡನ್ನು ಬೇರ್ಪಡಿಸುವುದು ಹೇಗೆಂದು ನಮ್ಮ ದೇಶದ ವೈದ್ಯಕೀಯ ವಿದ್ಯಾರ್ಥಿಗಳಿಗೆ ವಿಷಶಾಸ್ತ್ರದ ಪಾಠದಲ್ಲಿ ಹೇಳಿಕೊಡುತ್ತಾರೆ. ಅಂಗೈ ಮೇಲೆ ಹಾಕಿಕೊಂಡು ನೋಡಿ. ಮೆಣಸಿನ ಬೀಜ ತೆಳು, ನುಣುಪು, ಹಳದಿ. ಮದಗುಣಕಿಯದು ಸ್ವಲ್ಪ ದೊಡ್ಡದು, ದಪ್ಪ, ಕಂದು. ಮೈಮೇಲೆ ಸಣ್ಣ ಸಣ್ಣ ಗುಳಿಗಳಿರುತ್ತವೆ, ಹೊರಬಾಗಿನ ಅಂಚು ಎರಡಾಗಿ ಕಾಣುತ್ತದೆ. ಒಂದು ಖಾರ, ಇನ್ನೊಂದು ಕಹಿ. ನಾಲಿಗೆಗೆ ಹಚ್ಚಿ ಪರೀಕ್ಷಿಸುವುದು ಮಾತ್ರ ಬೇಡ.

ಆ ಕಹಿಯೇ ಈ ಅಧ್ಯಾಯದ ವಿಷಯ. ಗಿಡಗಳು ತಮ್ಮ ಮೈಯಲ್ಲಿ ತಯಾರಿಸಿಕೊಳ್ಳುವ, ಸಾರಜನಕವಿರುವ ಒಂದು ಬಗೆಯ ರಾಸಾಯನಿಕಗಳಿಗೆ ಆಲ್ಕಲಾಯ್ಡ್ ಎನ್ನುತ್ತಾರೆ. ಕಾಫಿಯ ಕೆಫೀನ್, ತಂಬಾಕಿನ ನಿಕೋಟಿನ್, ಅಫೀಮಿನ ಮಾರ್ಫಿನ್ ಎಲ್ಲವೂ ಈ ಬಳಗದವೇ. ಇವುಗಳಲ್ಲಿ ಬಹಳಷ್ಟು ನೇರವಾಗಿ ನರಗಳ ಮೇಲೆ ಕೆಲಸ ಮಾಡುತ್ತವೆ. ಮದಗುಣಕಿಯಲ್ಲಿರುವ ಅಟ್ರೋಪಿನ್, ಸ್ಕೋಪೋಲಮಿನ್ ಮುಂತಾದವು ಅಸಿಟೈಲ್‌ಕೋಲಿನ್ ಎಂಬ ನರಸಂದೇಶ ವಾಹಕಕ್ಕೆ ಅಡ್ಡ ನಿಲ್ಲುತ್ತವೆ. ಬಾಯಿ ಒಣಗುತ್ತದೆ, ಬೆವರು ನಿಲ್ಲುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಮೂತ್ರ ಕಟ್ಟುತ್ತದೆ, ಕಣ್ಣಿನ ಪಾಪೆ ಅಗಲವಾಗುತ್ತದೆ. ತಿಂದವರು ಇಲ್ಲದ್ದನ್ನು ಕಾಣುತ್ತಾರೆ, ಗಾಳಿಯಲ್ಲಿ ಏನನ್ನೋ ಹಿಡಿಯುತ್ತಾರೆ, ಬಟ್ಟೆ ಎಳೆದುಕೊಳ್ಳುತ್ತಾರೆ, ಅರ್ಥವಿಲ್ಲದೆ ಗೊಣಗುತ್ತಾರೆ.

ರಾಯಚೂರು ಜಿಲ್ಲೆಯಲ್ಲಿ ಇದನ್ನು ವಿಶೇಷವಾಗಿ ನೆನಪಿಡಬೇಕು. ಬೆವರು ಬಾರದ ಮೈ ಏಪ್ರಿಲ್–ಮೇ ಬಿಸಿಲಿನಲ್ಲಿ ಕೆಂಡವಾಗುತ್ತದೆ. ಮುಖ ಕೆಂಪೇರಿ, ಮೈ ಸುಡುತ್ತ, ಬಡಬಡಿಸುವ ಹುಡುಗನನ್ನು ಕಂಡರೆ ಮನೆಯವರು ಬಿಸಿಲು ಬಡಿದಿದೆ ಅನ್ನುತ್ತಾರೆ, ಇಲ್ಲವೆ ಗಾಳಿ ಸೋಕಿದೆ ಎಂದು ಅಂತ್ರ ಕಟ್ಟಿಸಲು ಹೊರಡುತ್ತಾರೆ. ಬೆಳಕಿನಲ್ಲೂ ಕುಗ್ಗದ ಅಗಲ ಪಾಪೆ ಕಂಡರೆ, ಹೊಲದ ಬದುವಿನಲ್ಲಿ ಏನಾದರೂ ತಿಂದನೇ ಎಂದು ಮೊದಲು ಕೇಳಬೇಕು.

ಇದೇ ಅಟ್ರೋಪಿನ್ ನಮ್ಮ ಕಡೆ ದಿನವೂ ಜೀವ ಉಳಿಸುತ್ತದೆ ಎಂಬುದನ್ನು ಬಹಳ ಜನ ಗಮನಿಸಿಲ್ಲ. ಭತ್ತ, ಹತ್ತಿ, ಮೆಣಸಿನ ಹೊಲಗಳಿಗೆ ಹೊಡೆಯುವ ಆರ್ಗನೋಫಾಸ್ಫೇಟ್ ಕೀಟನಾಶಕ ಮೈಸೇರಿದರೆ ಅಸಿಟೈಲ್‌ಕೋಲಿನ್ ಮಿತಿಮೀರುತ್ತದೆ. ಜೊಲ್ಲು ಸುರಿಯುತ್ತದೆ, ಬೆವರು ಹರಿಯುತ್ತದೆ, ಪಾಪೆ ಸೂಜಿಮೊನೆಯಷ್ಟಾಗುತ್ತದೆ, ಶ್ವಾಸನಾಳದಲ್ಲಿ ನೀರು ತುಂಬುತ್ತದೆ. ಮದಗುಣಕಿಯ ವಿಷಕ್ಕೆ ಇದು ಪೂರಾ ವಿರುದ್ಧ. ಆಗ ವೈದ್ಯರು ಕೊಡುವ ಮುಖ್ಯ ಮದ್ದು ಅಟ್ರೋಪಿನ್ ಚುಚ್ಚುಮದ್ದು. ಪುಪ್ಪುಸ ಒಣಗುವವರೆಗೆ, ನಾಡಿ ನೋಡುತ್ತ, ಮಿಲಿಗ್ರಾಂ ಲೆಕ್ಕದಲ್ಲಿ ಏರಿಸುತ್ತಾರೆ. ಹಾಗೆಂದು ಕೀಟನಾಶಕ ಕುಡಿದವರಿಗೆ ಮದಗುಣಕಿ ಅರೆದು ಕುಡಿಸಬಾರದು. ಆಂಪೂಲಿನಲ್ಲಿ ಎಷ್ಟಿದೆ ಎಂದು ಬರೆದಿರುತ್ತದೆ. ಗಿಡದಲ್ಲಿ ಅದು ಮಣ್ಣಿಗೆ, ಋತುವಿಗೆ, ಎಲೆಗೆ, ಬೀಜಕ್ಕೆ ಬೇರೆ ಬೇರೆ. ದಮ್ಮಿಗೆ ಇದರ ಒಣ ಎಲೆ ಸೇದುವ ಹಳೆಯ ರೂಢಿಯಲ್ಲೂ ಇದ್ದ ತೊಂದರೆ ಇದೇ. ಇವತ್ತು ಉಬ್ಬಸದವರು ಎಳೆದುಕೊಳ್ಳುವ ಇಪ್ರಾಟ್ರೋಪಿಯಂ ಅಟ್ರೋಪಿನ್ನಿನಿಂದಲೇ ರೂಪಿಸಿದ ಔಷಧ, ಆದರೆ ಪ್ರತಿ ಎಳೆತಕ್ಕೂ ಅಳತೆಯಿದೆ.

ಅಳತೆಯ ಈ ಎಚ್ಚರ ಚೀನಾದ ಮೂಲಿಕೆ ವೈದ್ಯದಲ್ಲಿ ಬಹಳ ಹಳೆಯದು. ಶೆನ್‌ನೊಂಗ್ ಹೆಸರಿನ ಪ್ರಾಚೀನ ಔಷಧ ಗ್ರಂಥ 365 ದ್ರವ್ಯಗಳನ್ನು ಮೂರು ದರ್ಜೆಗಳಾಗಿ ವಿಂಗಡಿಸಿದೆ. ಹೆಚ್ಚಿನ ವಿಷದ್ರವ್ಯಗಳನ್ನು ಕೆಳದರ್ಜೆಯಲ್ಲಿಟ್ಟು, ಬಹಳ ದಿನ ಸೇವಿಸಬಾರದೆಂದು ಹೇಳಿದೆ. ನಮ್ಮ ಮದಗುಣಕಿಯ ಹೂವು ಅಲ್ಲಿ ಯಾಂಗ್‌ಜಿನ್‌ಹ್ವಾ. ಈಗಿನ ಚೀನೀ ಔಷಧಕೋಶ ಅದಕ್ಕೆ ಕೊಡುವ ಪ್ರಮಾಣ ಬರೀ 0.3ರಿಂದ 0.6 ಗ್ರಾಂ. ಜಪಾನಿನ ಶಸ್ತ್ರವೈದ್ಯ ಹನಓಕಾ ಸೈಶು 1804ರಲ್ಲಿ ದತ್ತೂರಿ ಮತ್ತು ಬಚನಾಗದ ಜಾತಿಯ ಬೇರು ಸೇರಿದ ಕಷಾಯ ಕುಡಿಸಿ, ಪ್ರಜ್ಞೆ ತಪ್ಪಿಸಿ, ಸ್ತನದ ಗಡ್ಡೆ ತೆಗೆದ. ಯುರೋಪ್, ಅಮೆರಿಕದಲ್ಲಿ ಈಥರ್ ಬಳಕೆಗೆ ಬಂದದ್ದು ನಾಲ್ಕು ದಶಕಗಳ ನಂತರ.

ಬಚನಾಗ ಅಥವಾ ವತ್ಸನಾಭಿ ನಮ್ಮ ಬಯಲುಸೀಮೆಯ ಗಿಡವಲ್ಲ. ಅದು ಹಿಮಾಲಯದ ತಂಪಿನಲ್ಲಿ ಬೆಳೆಯುತ್ತದೆ. ನಮ್ಮ ಕಡೆಗೆ ಬರುವುದು ಒಣಬೇರಾಗಿ, ವ್ಯಾಪಾರದ ದಾರಿಯಲ್ಲಿ. ಅದರಲ್ಲಿರುವ ಅಕೋನಿಟಿನ್ ಗುಂಪಿನ ಆಲ್ಕಲಾಯ್ಡ್‌ಗಳು ನರ ಮತ್ತು ಹೃದಯದ ಕೋಶಗಳಲ್ಲಿ ಸೋಡಿಯಂ ಒಳಬರುವ ಬಾಗಿಲನ್ನು ಮುಚ್ಚಗೊಡುವುದಿಲ್ಲ. ಮೊದಲು ತುಟಿ, ನಾಲಿಗೆ ಜೋಮು ಹಿಡಿಯುತ್ತದೆ. ಆಮೇಲೆ ಹೃದಯದ ಬಡಿತ ಅಡ್ಡಾದಿಡ್ಡಿಯಾಗುತ್ತದೆ. ಶುದ್ಧ ಅಕೋನಿಟಿನ್ ಕೆಲವೇ ಮಿಲಿಗ್ರಾಂ ಸಾಕು, ಪ್ರಾಣ ಹೋಗುತ್ತದೆ.

ಇಂಥ ಬೇರನ್ನು ಔಷಧವಾಗಿಸಿದ ರೀತಿಯನ್ನು ನಾನು ನಿಜಕ್ಕೂ ಗೌರವಿಸುತ್ತೇನೆ. ಆಯುರ್ವೇದದ ವೈದ್ಯರು ಬೇರನ್ನು ಸಣ್ಣ ಚೂರು ಮಾಡಿ ಮೂರು ದಿನ ಗೋಮೂತ್ರದಲ್ಲಿ ನೆನೆಸುತ್ತಾರೆ, ದಿನವೂ ಹೊಸ ಗೋಮೂತ್ರ. ಇಲ್ಲವೆ ಬಟ್ಟೆಗಂಟಿನಲ್ಲಿ ಕಟ್ಟಿ ಹಾಲಿನಲ್ಲಿ ಇಳಿಬಿಟ್ಟು ತಾಸುಗಟ್ಟಲೆ ಬೇಯಿಸುತ್ತಾರೆ. ಚೀನಾದಲ್ಲಿ ಇದೇ ಕುಲದ ಚ್ವಾನ್‌ವೂ ಬೇರನ್ನು ಒಳಗೆ ಒಣತಿರುಳು ಉಳಿಯದಂತೆ ನೆನೆಸಿ, ನಾಲ್ಕರಿಂದ ಆರು ತಾಸು ಕುದಿಸುತ್ತಾರೆ. ದಪ್ಪ ಬೇರೊಂದನ್ನು ಕೊಯ್ದು ನೋಡಿದಾಗ ನಡುವೆ ಬಿಳಿ ಉಳಿದಿರಬಾರದು, ನಾಲಿಗೆಗೆ ತಾಗಿಸಿದರೆ ಅಲ್ಪ ಜೋಮಷ್ಟೇ ಆಗಬೇಕು. ಅಲ್ಲಿಗೆ ಒಲೆಯಿಂದ ಇಳಿಸುತ್ತಾರೆ. ರಸಾಯನಶಾಸ್ತ್ರ ಇದನ್ನು ಒಪ್ಪುತ್ತದೆ. ನೀರಿನಲ್ಲಿ ಕುದಿದಾಗ ಅಕೋನಿಟಿನ್ ಅಣುವಿನಿಂದ ಅಸಿಟೈಲ್ ತುಣುಕು ಕಳಚಿ ಬೀಳುತ್ತದೆ; ಉಳಿದದ್ದರ ವಿಷ ನೂರಾರು ಪಟ್ಟು ಕಡಿಮೆ. ಮದ್ಯದಲ್ಲಿ ನೆನೆಹಾಕಿದರೆ ಹಾಗಾಗುವುದಿಲ್ಲ, ವಿಷ ಇದ್ದಂತೆಯೇ ಮದ್ಯಕ್ಕೆ ಇಳಿಯುತ್ತದೆ. ಸರಿಯಾಗಿ ಬೇಯಿಸದ ಬೇರಿನ ಕಷಾಯದಿಂದ, ಇಂಥ ಮದ್ಯದಿಂದ ಚೀನಾ, ಹಾಂಗ್‌ಕಾಂಗ್‌ಗಳಲ್ಲಿ ಸಾವುಗಳಾಗಿವೆ. ಕಾಸರಕದ ಬೀಜಕ್ಕೂ ಹೀಗೇ ಶುದ್ಧಿಯಿದೆ. ನಮ್ಮಲ್ಲಿ ಗೋಮೂತ್ರ, ಹಾಲು, ತುಪ್ಪ. ಅವರಲ್ಲಿ ಕಾದ ಮರಳು. ಆ ಬೀಜದ ವಿಷವಾದ ಸ್ಟ್ರಿಕ್ನಿನ್ ಅನ್ನು ಪೆಲ್ಲೆತಿಯೇ ಮತ್ತು ಕವಾಂತು ಎಂಬ ಫ್ರೆಂಚ್ ರಸಾಯನಜ್ಞರು 1818ರಲ್ಲಿ ಬೇರ್ಪಡಿಸಿದರು.

ಬಚನಾಗದಂತೆ ಮೂಲಿಕೆಗಳು ದೂರದಿಂದ ಬರುವುದು ಹೊಸದಲ್ಲ. ನಮ್ಮ ಮಸ್ಕಿಯ ಬಂಡೆಶಾಸನ 1915ರಲ್ಲಿ ಬೆಳಕಿಗೆ ಬಂದು, ದೇವಾನಾಂಪ್ರಿಯನೇ ಅಶೋಕ ಎಂದು ಖಚಿತಪಡಿಸಿತು. ಅದೇ ಅರಸ, ಕರ್ನೂಲು ಜಿಲ್ಲೆಯ ಎರ್ರಗುಡಿಯಲ್ಲೂ ಇರುವ ತನ್ನ ಎರಡನೆಯ ಬಂಡೆಶಾಸನದಲ್ಲಿ, ಮನುಷ್ಯರಿಗೂ ದನಕರುಗಳಿಗೂ ಬೇಕಾದ ಮೂಲಿಕೆ ಇಲ್ಲದ ಕಡೆ ತರಿಸಿ ನೆಡಿಸಿದ್ದಾಗಿ ಹೇಳುತ್ತಾನೆ. ಮೂಲಿಕೆಗಳ ದೂರಪ್ರಯಾಣ ಅಷ್ಟು ಹಳೆಯದು. ಬೇರಿನ ಜೊತೆ ಅದನ್ನು ಬೇಯಿಸಬಲ್ಲವರೂ ಬರಬೇಕು ಎಂಬುದೇ ನನ್ನ ಚಿಂತೆ. ನಿಜಾಮರ ಕಾಲದ ಹಕೀಮರು, ಊರೂರಿನ ನಾಟಿ ವೈದ್ಯರು ಗುರುವಿನ ಬಳಿ ವರ್ಷಗಟ್ಟಲೆ ಕಲಿತದ್ದನ್ನು ಈಗ ಮೊಬೈಲಿನ ಎರಡು ನಿಮಿಷದ ವಿಡಿಯೊ ನೋಡಿ ಮಾಡುವವರಿದ್ದಾರೆ. ಮೂಲಿಕೆಗೆ ಅಡ್ಡಪರಿಣಾಮವಿಲ್ಲ ಎಂಬ ಮಾತನ್ನು ಆಯುರ್ವೇದವೂ ಹೇಳಿಲ್ಲ, ಚೀನೀ ವೈದ್ಯವೂ ಹೇಳಿಲ್ಲ. ಚೀನಾ 1988ರ ನಿಯಮದಲ್ಲಿ 28 ವಿಷದ್ರವ್ಯಗಳನ್ನು ಹೆಸರಿಸಿ ಹತೋಟಿಯಲ್ಲಿಟ್ಟಿದೆ. ನಮ್ಮ ಔಷಧ ನಿಯಮಗಳ ಇ(1) ಪಟ್ಟಿಯಲ್ಲಿ ವತ್ಸನಾಭಿ, ದತ್ತೂರಿ, ಕಾಸರಕ ಮೂರೂ ಇವೆ. ಇವು ಸೇರಿದ ಹೊಟ್ಟೆಗೆ ಕೊಡುವ ಔಷಧದ ಚೀಟಿಯ ಮೇಲೆ ವೈದ್ಯರ ನಿಗಾದಲ್ಲಿ ಸೇವಿಸಬೇಕೆಂಬ ಎಚ್ಚರಿಕೆ ಕಡ್ಡಾಯ. ಕೊಳ್ಳುವಾಗ ಅದನ್ನು ಓದಿ.

ಇನ್ನೊಂದು ಗಿಡ, ಯಾವ ವೈದ್ಯರೂ ಕೊಡದೆ ಹೊಟ್ಟೆ ಸೇರುವಂಥದ್ದು. ಹಳದಿ ಹೂವಿನ, ಮೈತುಂಬ ಮುಳ್ಳಿನ ಅರಿಶಿನ ದತ್ತೂರಿ. ಹೆಸರು ದತ್ತೂರಿಯಾದರೂ ಇದು ಬೇರೆ ಕುಟುಂಬದ್ದು. ಬೀಜ ಮಾತ್ರ ಸಾಸಿವೆಯಂತೆಯೇ. ಇದರ ಎಣ್ಣೆಯಲ್ಲಿ ಸ್ಯಾಂಗ್ವಿನರಿನ್ ಎಂಬ ಆಲ್ಕಲಾಯ್ಡ್ ಇದೆ. 1998ರಲ್ಲಿ ದೆಹಲಿಯಲ್ಲಿ ಇದು ಬೆರೆತ ಸಾಸಿವೆ ಎಣ್ಣೆ ತಿಂದು ಕಾಲು ಬಾತು, ಹೃದಯ ಸೋತು 60ಕ್ಕೂ ಹೆಚ್ಚು ಜನ ಸತ್ತರು. ಸಾಸಿವೆ ಎಣ್ಣೆಯ ಅಡುಗೆ ಸಿಂಧನೂರಿನ ಬಂಗಾಳಿ ಕ್ಯಾಂಪ್‌ಗಳಿಗೆ ಹೊಸದಲ್ಲ. ಅಲ್ಲಿನವರು ಬಿಡಿ ಎಣ್ಣೆ ಬಿಟ್ಟು ಸೀಲ್ ಇರುವುದನ್ನೇ ಕೊಳ್ಳುವುದು ಒಳ್ಳೆಯದು.

ಯಾರಾದರೂ ಇಂಥದ್ದನ್ನು ತಿಂದದ್ದು ಗೊತ್ತಾದರೆ ವಾಂತಿ ಮಾಡಿಸಲು ಹೋಗಬೇಡಿ, ಮಜ್ಜಿಗೆ, ಹುಣಸೆಹುಳಿ ಕುಡಿಸುತ್ತ ಹೊತ್ತು ಕಳೆಯಬೇಡಿ. 108ಕ್ಕೆ ಕರೆ ಮಾಡಿ. ದೆಹಲಿಯ ಏಮ್ಸ್‌ನ ವಿಷಮಾಹಿತಿ ಕೇಂದ್ರದ ಉಚಿತ ಸಂಖ್ಯೆ 1800 116 117. ಅದು ಹಗಲಿರುಳೂ ಇರುತ್ತದೆ. ತಿಂದ ಕಾಯಿ, ಬೀಜ, ಬೇರು ಏನೇ ಉಳಿದಿದ್ದರೂ ಕಾಗದದಲ್ಲಿ ಕಟ್ಟಿ ಆಸ್ಪತ್ರೆಗೆ ಒಯ್ಯಿರಿ. ನಾಟಿ ಔಷಧ ತೆಗೆದುಕೊಂಡಿದ್ದರೆ ನಾಚಿಕೆಪಟ್ಟು ಮುಚ್ಚಿಡದೆ, ಯಾವುದು, ಎಷ್ಟು, ಯಾವಾಗ ಎಂದು ಡಾಕ್ಟರಿಗೆ ಹೇಳಿ.