ಸಂತೆಯಲ್ಲಿ ಉಳಿದವರನ್ನು ಕೂಡಿಸಿ ಗೆದ್ದವರು

ಮಾರ್ಚ್ ತಿಂಗಳು ಬಂತೆಂದರೆ ಅಮೆರಿಕದ ಫುಟ್‌ಬಾಲ್ ತಂಡಗಳ ಕಚೇರಿಗಳಲ್ಲಿ ಫೋನುಗಳಿಗೆ ಪುರಸೊತ್ತು ಇರುವುದಿಲ್ಲ. ಮೈದಾನದಲ್ಲಿ ಆಟವಿಲ್ಲ, ಚೆಂಡು ಮೂಲೆ ಸೇರಿ ತಿಂಗಳಾಗಿದೆ. ಆದರೂ ಪತ್ರಿಕೆಗಳ ಕ್ರೀಡಾಪುಟದಲ್ಲಿ ಅದೇ ಸುದ್ದಿ: ಯಾರು ಯಾವ ತಂಡಕ್ಕೆ ಹೋದರು, ಯಾರಿಗೆ ಎಷ್ಟು ಸಿಕ್ಕಿತು, ಯಾರನ್ನು ಯಾರೂ ಕೇಳಲಿಲ್ಲ. ಅದು ಆಟಗಾರರ ಸಂತೆಯ ಕಾಲ. ಕರಾರು ಮುಗಿದ ಆಟಗಾರ ಯಾವ ತಂಡದ ಹಂಗೂ ಇಲ್ಲದೆ ತನಗೆ ಬೇಕಾದವರ ಜೊತೆ ಮಾತುಕತೆ ನಡೆಸಬಹುದು. ಅಂಥವನಿಗೆ ಅಲ್ಲಿ ‘ಫ್ರೀ ಏಜೆಂಟ್’ ಎಂದು ಹೆಸರು.

ಈ ಫುಟ್‌ಬಾಲ್ ನಮ್ಮ ಹುಡುಗರು ಶಾಲೆಯ ಬಯಲಿನಲ್ಲಿ ಆಡುವ ಫುಟ್‌ಬಾಲ್ ಅಲ್ಲ ಎಂಬುದನ್ನು ಮೊದಲೇ ಹೇಳಿಬಿಡಬೇಕು. ಚೆಂಡು ದುಂಡಗಿಲ್ಲ, ಎರಡೂ ತುದಿ ಚೂಪು. ಕಾಲಿಗಿಂತ ಕೈಗೇ ಕೆಲಸ ಹೆಚ್ಚು. ಹೆಲ್ಮೆಟ್ಟು ತೊಟ್ಟ ಹನ್ನೊಂದು ಮಂದಿ ಎದುರಿನ ಹನ್ನೊಂದು ಮಂದಿಯನ್ನು ತಳ್ಳಿ, ಗುದ್ದಿ, ಕೆಡವಿ ಚೆಂಡನ್ನು ಗಜ ಗಜವಾಗಿ ಮುಂದಕ್ಕೆ ಒಯ್ಯುವ ಆಟ ಅದು. ದಾಳಿ ಮಾಡುವ ಹನ್ನೊಂದು ಮಂದಿ ಬೇರೆ, ತಡೆಯುವ ಹನ್ನೊಂದು ಮಂದಿ ಬೇರೆ, ಚೆಂಡನ್ನು ಒದೆಯುವ ಹೊತ್ತಿಗೆ ಮಾತ್ರ ಇಳಿಯುವವರು ಮತ್ತೂ ಬೇರೆ. ಹೀಗಾಗಿ ಒಂದು ತಂಡದ ಪಟ್ಟಿಯಲ್ಲಿ 53 ಹೆಸರು ಬೇಕು. ಮೂಳೆ ಮುರಿಯುವುದು ಸಾಮಾನ್ಯವಾದ ಈ ಆಟದಲ್ಲಿ ಪಟ್ಟಿಯಲ್ಲಿ ಜಾಗ ಖಾಲಿ ಬೀಳದ ವರ್ಷವೇ ಇಲ್ಲ ಎನ್ನಬಹುದು.

ಖಾಲಿ ಜಾಗ ತುಂಬಲು ಎರಡು ದಾರಿ. ಏಪ್ರಿಲ್‌ನಲ್ಲಿ ಕಾಲೇಜು ಮುಗಿಸಿದ ಹುಡುಗರನ್ನು ಸರದಿಯ ಪ್ರಕಾರ ಆರಿಸಿಕೊಳ್ಳುವುದು ಒಂದು. ಅದಕ್ಕೆ ‘ಡ್ರಾಫ್ಟ್’ ಎನ್ನುತ್ತಾರೆ. ಅದಕ್ಕೂ ಮುಂಚೆ, ಮಾರ್ಚ್‌ನಲ್ಲಿ ಈ ಸಂತೆ. ಆದರೆ ಸಂತೆಗೆ ಹೋಗುವ ಹಕ್ಕು ಆಟಗಾರನಿಗೆ ಸುಲಭವಾಗಿ ಸಿಕ್ಕಿದ್ದಲ್ಲ. ದಶಕಗಳ ಕಾಲ ತಂಡ ಬದಲಿಸುವ ಸ್ವಾತಂತ್ರ್ಯ ಹೆಸರಿಗಷ್ಟೇ ಇತ್ತು. ಕರಾರು ಮುಗಿದರೂ ಆಟಗಾರ ಹಳೆಯ ಮಾಲೀಕನ ಸ್ವತ್ತಿನಂತೆಯೇ ಇರುತ್ತಿದ್ದ. ನ್ಯಾಯಾಲಯದ ಮೆಟ್ಟಿಲು ಹತ್ತಿ ಹತ್ತಿ ಆಟಗಾರರು ಕೊನೆಗೆ 1992ರಲ್ಲಿ ಮಿನಿಯಾಪೊಲಿಸ್‌ನಲ್ಲಿ ಗೆದ್ದರು. ಆ ಮೊಕದ್ದಮೆಯಲ್ಲಿ ಫ್ರೀಮನ್ ಮೆಕ್‌ನೀಲ್ ಎಂಬ ಆಟಗಾರನ ಹೆಸರಿತ್ತು. ಅದರ ಬೆನ್ನಿಗೇ ಬಂದ ಇನ್ನೊಂದು ದಾವೆಗೆ ಹೆಸರು ಕೊಟ್ಟವರು ರೆಜಿ ವೈಟ್. ರಾಜಿಯಾಯಿತು, 1993ರ ಮಾರ್ಚ್‌ನಲ್ಲಿ ಸಂತೆಯ ಬಾಗಿಲು ನಿಜವಾಗಿ ತೆರೆಯಿತು. ಮೊದಲ ವರ್ಷದ ದೊಡ್ಡ ಗಿರಾಕಿಯೂ ಅದೇ ರೆಜಿ ವೈಟ್! ಸುಮಾರು ಒಂದು ಲಕ್ಷ ಜನಸಂಖ್ಯೆಯ, ಹಿಮ ಸುರಿಯುವ ಪುಟ್ಟ ಊರು ಗ್ರೀನ್ ಬೇಯ ಪ್ಯಾಕರ್ಸ್ ತಂಡ ನಾಲ್ಕು ವರ್ಷಕ್ಕೆ 1 ಕೋಟಿ 70 ಲಕ್ಷ ಡಾಲರ್ ಕೊಟ್ಟು ಅವರನ್ನು ಕರೆದುಕೊಂಡಿತು. 1997ರ ಜನವರಿಯಲ್ಲಿ ಆ ತಂಡ ‘ಸೂಪರ್ ಬೌಲ್’ ಎಂಬ ಅಂತಿಮ ಪಂದ್ಯವನ್ನು ಗೆದ್ದಿತು.

ಹಾಗಾದರೆ ಹಣವಿದ್ದ ಮಾಲೀಕ ಒಳ್ಳೆಯವರನ್ನೆಲ್ಲ ಬಾಚಿಕೊಂಡು ಹೋಗುವುದಿಲ್ಲವೇ ಎಂದು ಯಾರಾದರೂ ಕೇಳಬಹುದು. ಅದಕ್ಕೇ 1994ರಲ್ಲಿ ಒಂದು ಲಗಾಮು ಹಾಕಿದರು. ಪ್ರತಿ ತಂಡವೂ ವರ್ಷಕ್ಕೆ ಇಷ್ಟೇ ಸಂಬಳ ಕೊಡಬೇಕೆಂಬ ಮಿತಿ. ಆ ವರ್ಷ ಅದು 3 ಕೋಟಿ 46 ಲಕ್ಷ ಡಾಲರ್. 2025ರ ಹೊತ್ತಿಗೆ 27 ಕೋಟಿ 92 ಲಕ್ಷಕ್ಕೆ ಏರಿತು. ನಮ್ಮ ಐಪಿಎಲ್ ಹರಾಜಿನಲ್ಲಿ ತಂಡಗಳ ಥೈಲಿಗೆ ಮಿತಿ ಇರುವುದನ್ನು ನೋಡಿದವರಿಗೆ ಇದು ಹೊಸದೇನಲ್ಲ.

ಲೆಕ್ಕ ಮಾತ್ರ ಸ್ವಲ್ಪ ಜಟಿಲ. ಗಣಿತ ಬೇಸರವೆನ್ನುವ ವಿದ್ಯಾರ್ಥಿಗಳು ಇದನ್ನೊಮ್ಮೆ ನೋಡಬೇಕು. ಒಬ್ಬ ಆಟಗಾರನಿಗೆ ಐದು ವರ್ಷದ ಕರಾರು. ಸಹಿ ಹಾಕಿದ ದಿನವೇ 1 ಕೋಟಿ ಡಾಲರ್ ಮುಂಗಡ ಕೈಗೆ ಬಂತು ಎಂದಿಟ್ಟುಕೊಳ್ಳಿ. ಲೆಕ್ಕದ ಪುಸ್ತಕದಲ್ಲಿ ಮಾತ್ರ ಅದನ್ನು ವರ್ಷಕ್ಕೆ 20 ಲಕ್ಷದಂತೆ ಐದು ಕಂತು ಮಾಡಿ ಬರೆಯುತ್ತಾರೆ. ಎರಡು ವರ್ಷವಾದ ಮೇಲೆ ಆತ ಬೇಡವೆನಿಸಿ ಕೈಬಿಟ್ಟರೆ? ಉಳಿದ 60 ಲಕ್ಷ ತಂಡದ ತಲೆಯ ಮೇಲೆ ಬೀಳುತ್ತದೆ. ಆಟಗಾರ ಊರಲ್ಲಿಲ್ಲ, ಅವನ ಖರ್ಚು ಮಾತ್ರ ಮಿತಿಯೊಳಗೆ ಕೂತಿದೆ. ಇದಕ್ಕೆ ಅವರು ‘ಸತ್ತ ಹಣ’ ಎನ್ನುತ್ತಾರೆ. ಕಂತಿನಲ್ಲಿ ಫ್ರಿಜ್ ಕೊಂಡು, ಅದು ಕೆಟ್ಟು ಗುಜರಿಗೆ ಹೋದ ಮೇಲೂ ಕಂತು ಕಟ್ಟುವ ಮನೆಯವರಿಗೆ ಇದರ ಬಿಸಿ ಗೊತ್ತಿರುತ್ತದೆ.

ಹಣ ಚೆಲ್ಲಿದ ಮಾತ್ರಕ್ಕೆ ತಂಡ ಕಟ್ಟಲಾಗದು ಎಂಬುದಕ್ಕೆ ವಾಷಿಂಗ್ಟನ್ ತಂಡದ ಹೊಸ ಮಾಲೀಕ ಡ್ಯಾನಿಯಲ್ ಸ್ನೈಡರ್ 2000ದಲ್ಲಿ ಚೆನ್ನಾದ ಪಾಠ ಕಲಿತರು. ಡಿಯಾನ್ ಸ್ಯಾಂಡರ್ಸ್, ಬ್ರೂಸ್ ಸ್ಮಿತ್ ಮುಂತಾದ ಹೆಸರುವಾಸಿಗಳನ್ನೆಲ್ಲ ಕೊಂಡರು. ಫಲ: ಎಂಟು ಗೆಲುವು, ಎಂಟು ಸೋಲು. ಏಳು ವರ್ಷಕ್ಕೆ 5 ಕೋಟಿ 60 ಲಕ್ಷ ಡಾಲರಿನ ಕರಾರಿಗೆ ಸಹಿ ಹಾಕಿದ್ದ ಸ್ಯಾಂಡರ್ಸ್ ಒಂದೇ ವರ್ಷ ಆಡಿ ನಿವೃತ್ತರಾದರು.

ಅದೇ ವರ್ಷ ಬಾಸ್ಟನ್ ಸಮೀಪದ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ತಂಡದ ಸ್ಥಿತಿ ಇನ್ನೂ ಹೀನಾಯ. 16 ಪಂದ್ಯಗಳಲ್ಲಿ ಗೆದ್ದದ್ದು ಐದು. ಮುಖ್ಯ ತರಬೇತುದಾರ ಬಿಲ್ ಬೆಲಿಚಿಕ್ ಆಗ ಯಾರ ಕಣ್ಣಿಗೂ ಮೇಧಾವಿಯಾಗಿ ಕಂಡವರಲ್ಲ. ಕ್ಲೀವ್‌ಲ್ಯಾಂಡ್ ತಂಡವನ್ನು ಐದು ವರ್ಷ ನಡೆಸಿ, ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚಾಗಿ ಕೆಲಸ ಕಳೆದುಕೊಂಡಿದ್ದವರು. 2001ರ ಮಿತಿ 6 ಕೋಟಿ 74 ಲಕ್ಷ ಡಾಲರ್. ತಂಡದ ತಾರೆ ಡ್ರೂ ಬ್ಲೆಡ್ಸೋ ಜೊತೆ ಆ ಮಾರ್ಚ್‌ನಲ್ಲಷ್ಟೇ ಹತ್ತು ವರ್ಷಕ್ಕೆ 10 ಕೋಟಿ 30 ಲಕ್ಷದ ಕರಾರಾಗಿತ್ತು. ಪಟ್ಟಿಯ ತುಂಬ ತೂತುಗಳು, ಜೇಬಿನಲ್ಲಿ ಚಿಲ್ಲರೆ.

ಬೆಲಿಚಿಕ್ ಮತ್ತು ಅವರ ಸಹಾಯಕ ಸ್ಕಾಟ್ ಪಯೋಲಿ ಸಂತೆಗೆ ಹೋದದ್ದು ಹೊತ್ತು ಇಳಿದ ಮೇಲೆ ಎನ್ನಬೇಕು. ಮೊದಲ ದಿನಗಳಲ್ಲಿ ಬೇರೆಯವರು ಕೂಗಿ ಕೂಗಿ ಬೆಲೆ ಏರಿಸುವಾಗ ಇವರು ಸುಮ್ಮನಿದ್ದರು. ಆಮೇಲೆ ಒಬ್ಬೊಬ್ಬರಾಗಿ ಹದಿನೈದಕ್ಕೂ ಹೆಚ್ಚು ಮಂದಿಯನ್ನು ತಂದರು. ಹೆಸರು ಕೇಳಿ ಯಾರೂ ಚಪ್ಪಾಳೆ ತಟ್ಟಲಿಲ್ಲ.

ಯಾರಿವರು?

ಮೈಕ್ ವ್ರೇಬಲ್: ಪಿಟ್ಸ್‌ಬರ್ಗ್ ತಂಡದಲ್ಲಿ ನಾಲ್ಕು ವರ್ಷ ಇದ್ದರೂ ಕಾಯಂ ಜಾಗ ಸಿಗದೆ ಬದಲಿ ಆಟಗಾರನಾಗಿಯೇ ಉಳಿದವನು. ರೋಮನ್ ಫೈಫರ್: ವಯಸ್ಸು 33. ಸೇಂಟ್ ಲೂಯಿಸ್‌ನ ರ‍್ಯಾಮ್ಸ್ ತಂಡದಲ್ಲಿ ಎಂಟು ಋತು ಬೆವರು ಸುರಿಸಿ 1998ರ ನಂತರ ಹೊರಬಿದ್ದ. ಮರುವರ್ಷವೇ ಆ ತಂಡ ಪ್ರಶಸ್ತಿ ಗೆದ್ದಿತು! ನತದೃಷ್ಟತನವೆಂದರೆ ಇದೇ ಇರಬೇಕು. ಆಂಟ್ವಾನ್ ಸ್ಮಿತ್: ಒಮ್ಮೆ ಮೊದಲ ಸುತ್ತಿನಲ್ಲೇ ಆಯ್ಕೆಯಾಗಿದ್ದ ಓಟಗಾರ, ಬಫಲೋ ತಂಡ ಕೈಬಿಟ್ಟಿತ್ತು. ಲ್ಯಾರಿ ಇಝೋ: ಕಾಲೇಜಿನಿಂದ ಹೊರಬಂದಾಗ ಯಾವ ತಂಡವೂ ಆರಿಸದ ಹುಡುಗ, ಚೆಂಡು ಒದ್ದಾಗ ಓಡಿಹೋಗಿ ಎದುರಾಳಿಯನ್ನು ಕೆಡವುವುದೊಂದೇ ಅವನ ಕಸುಬು, ಆದರೆ ಅದರಲ್ಲಿ ಎತ್ತಿದ ಕೈ. ಆಂಟನಿ ಪ್ಲೆಸೆಂಟ್, ಬ್ರಯಾನ್ ಕಾಕ್ಸ್, ಟೆರೆಲ್ ಬಕ್ಲಿ ಮೂವರೂ ಊರೂರು ಸುತ್ತಿದ ಹಳಬರು.

ಇವರಲ್ಲಿ ಡೇವಿಡ್ ಪ್ಯಾಟನ್ ಕಥೆಯೇ ಬೇರೆ. ಆಳು ಗಿಡ್ಡ, ಓಟ ಚುರುಕು. ಸಣ್ಣ ಕಾಲೇಜೊಂದರಲ್ಲಿ ಓದಿದ ಪ್ಯಾಟನ್‌ನನ್ನು ಡ್ರಾಫ್ಟ್‌ನಲ್ಲಿ ಯಾರೂ ಕರೆಯಲಿಲ್ಲ. ಸೌತ್ ಕೆರೊಲಿನಾದ ಗೋದಾಮಿನಲ್ಲಿ ಕಾಫಿ ಬೀಜದ ಮೂಟೆ ಹೊತ್ತ. ಒಳಾಂಗಣದಲ್ಲಿ ಆಡುವ ಪುಟ್ಟ ಲೀಗಿನಲ್ಲಿ ಆಡಿ, ನ್ಯೂಯಾರ್ಕ್, ಕ್ಲೀವ್‌ಲ್ಯಾಂಡ್ ಸುತ್ತಿ 2001ರಲ್ಲಿ ಇಲ್ಲಿಗೆ ಬಂದ. ಆ ಅಕ್ಟೋಬರ್ 21ರಂದು ಇಂಡಿಯಾನಾಪೊಲಿಸ್ ವಿರುದ್ಧ ಆತ ಚೆಂಡು ಹಿಡಿದು ಅಂಕ ಗಳಿಸಿದ, ಹೊತ್ತು ಓಡಿ ಗಳಿಸಿದ, ಎಸೆದು ಇನ್ನೊಬ್ಬನಿಂದ ಗಳಿಸಿಕೊಟ್ಟ. ಒಂದೇ ಪಂದ್ಯದಲ್ಲಿ ಈ ಮೂರನ್ನೂ ಮಾಡಿದವರು 1979ರಲ್ಲಿ ವಾಲ್ಟರ್ ಪೇಟನ್ ಆದ ಮೇಲೆ ಯಾರೂ ಇರಲಿಲ್ಲ.

ಈ ಆಯ್ಕೆಯಲ್ಲಿ ಒಂದು ಉಪಾಯವಿತ್ತು. ಫೈಫರ್, ಕಾಕ್ಸ್, ಪ್ಲೆಸೆಂಟ್ ಮೂವರೂ ಬೆಲಿಚಿಕ್ ಹಿಂದೆ ಕೆಲಸ ಮಾಡಿದ ತಂಡಗಳಲ್ಲಿ ಅವರ ಕಣ್ಣೆದುರು ಆಡಿದ್ದವರು. ವಿಡಿಯೋ ನೋಡಿದರೆ ಓಟದ ವೇಗ ತಿಳಿಯಬಹುದು. ಸೋತ ಮರುದಿನ ಬೆಳಿಗ್ಗೆ ಅಭ್ಯಾಸಕ್ಕೆ ಬರುವ ಮುಖ ಹೇಗಿರುತ್ತದೆಂದು ತಿಳಿಯುವುದಿಲ್ಲ. ಮತ್ತೊಂದು, ಇವರು ದೊಡ್ಡ ಬೆಲೆಗೆ ಒಬ್ಬ ರಾಜನನ್ನು ಕೊಳ್ಳುವ ಬದಲು ಅದೇ ದುಡ್ಡಿನಲ್ಲಿ ಹಲವು ತೂತು ಮುಚ್ಚಿದರು. ಸೋಜಿಗವೇನೂ ಅಲ್ಲ, ತಿಂಗಳ ಕೊನೆಯಲ್ಲಿ ಗೃಹಿಣಿಯರು ದಿನಾ ಮಾಡುವ ಕೆಲಸ.

ಮೊದಲಿಗೆ ಫಲವೇನೂ ಕಾಣಲಿಲ್ಲ. ಮೊದಲೆರಡು ಪಂದ್ಯವೂ ಸೋಲು. ಎರಡನೆಯದರಲ್ಲಿ ಬ್ಲೆಡ್ಸೋಗೆ ಪೆಟ್ಟು ಬಿದ್ದು ಆಸ್ಪತ್ರೆ ಸೇರಿದರು. ಬದಲಿಗೆ ಇಳಿದವನು ಹಿಂದಿನ ವರ್ಷ ಡ್ರಾಫ್ಟ್‌ನಲ್ಲಿ 199ನೆಯವನಾಗಿ ಆಯ್ಕೆಯಾಗಿದ್ದ ಟಾಮ್ ಬ್ರೇಡಿ. ಮುಂದೆ ಜಗತ್ತೇ ಅವನ ಹೆಸರು ಹೇಳಿತು, ಆದ್ದರಿಂದ ಈ ಕಥೆಯನ್ನೂ ಅವನದೇ ಕಥೆಯಾಗಿ ಹೇಳುವುದು ರೂಢಿ. ಆದರೆ ಆ ವರ್ಷ ಅವನ ಹಿಂದೆ ಚೆಂಡು ಹೊತ್ತು ಓಡಿ 1,157 ಗಜ ಗಳಿಸಿದ ಆಂಟ್ವಾನ್ ಸ್ಮಿತ್ ಇಲ್ಲದಿದ್ದರೆ ಅನನುಭವಿ ಹುಡುಗನ ಗತಿ ಏನಾಗುತ್ತಿತ್ತೋ! ಹತ್ತು ಪಂದ್ಯ ಮುಗಿದಾಗ ಐದು ಗೆಲುವು, ಐದು ಸೋಲು. ಹತ್ತನೆಯದನ್ನು ಸೋತದ್ದು ಫೈಫರ್‌ನ ಹಳೆಯ ತಂಡ ರ‍್ಯಾಮ್ಸ್‌ಗೆ. ಅಲ್ಲಿಂದಾಚೆ ಆ ಋತುವಿನಲ್ಲಿ ಅವರು ಸೋಲಲೇ ಇಲ್ಲ.

2002ರ ಫೆಬ್ರುವರಿ 3. ನ್ಯೂ ಆರ್ಲಿಯನ್ಸ್‌ನ ಸೂಪರ್‌ಡೋಮ್. ಎದುರಿಗೆ ಅದೇ ರ‍್ಯಾಮ್ಸ್, 16ರಲ್ಲಿ 14 ಗೆದ್ದ ತಂಡ. 14 ಅಂಕಗಳ ಅಂತರದಲ್ಲಿ ಅವರೇ ಗೆಲ್ಲುತ್ತಾರೆಂದು ಪಂಟರುಗಳ ಲೆಕ್ಕ. (ಅವರ ನಾಯಕ ಕರ್ಟ್ ವಾರ್ನರ್ ಕೂಡ ಒಮ್ಮೆ ಎಲ್ಲರಿಗೂ ಬೇಡವಾಗಿ ಅಯೋವಾದ ದಿನಸಿ ಅಂಗಡಿಯಲ್ಲಿ ರಾತ್ರಿಪಾಳಿ ಸಾಮಾನು ಜೋಡಿಸುತ್ತಿದ್ದವನೇ, ನ್ಯಾಯವಾಗಿ ಹೇಳಬೇಕಾದ ಮಾತು.) ಪಂದ್ಯಕ್ಕೆ ಮುಂಚೆ ಆಟಗಾರರ ಹೆಸರು ಒಂದೊಂದಾಗಿ ಕೂಗಿ ಮೈದಾನಕ್ಕೆ ಕರೆಯುವುದು ಪದ್ಧತಿ. ಪೇಟ್ರಿಯಟ್ಸ್ ಅದನ್ನು ಒಲ್ಲೆವೆಂದು ಇಡೀ ತಂಡ ಒಟ್ಟಾಗಿ ಓಡಿ ಬಂದಿತು.

ಎರಡನೆಯ ಕಾಲುಭಾಗದಲ್ಲಿ ವಾರ್ನರ್ ಚೆಂಡೆಸೆಯುವ ಹೊತ್ತಿಗೆ ವ್ರೇಬಲ್ ಒಳನುಗ್ಗಿ ಅವನ ಮೈಮೇಲೆ ಬಿದ್ದ. ಗುರಿ ತಪ್ಪಿದ ಚೆಂಡನ್ನು ಟೈ ಲಾ ಹಿಡಿದು 47 ಗಜ ಓಡಿ ಅಂಕ ಗಳಿಸಿದ. ವಿರಾಮಕ್ಕೆ ಮುಂಚೆ ರ‍್ಯಾಮ್ಸ್ ಕೈಜಾರಿಸಿದ ಚೆಂಡನ್ನು ಎತ್ತಿಕೊಂಡವನು ಬಕ್ಲಿ. ಅದರ ಲಾಭವಾಗಿ ಬಂದ ಬ್ರೇಡಿಯ ಎಸೆತವನ್ನು ಕೊನೆಗೆರೆಯಾಚೆ ಹಾರಿ ಹಿಡಿದವನು ಕಾಫಿ ಮೂಟೆಯ ಪ್ಯಾಟನ್. ಮೂರನೆಯ ಬಾರಿ ಚೆಂಡು ಕಸಿದ ಓಟಿಸ್ ಸ್ಮಿತ್ 2000ದ ಸಂತೆಯಲ್ಲಿ ಸಿಕ್ಕಿದವನು. 17–3. ಕೊನೆಯ ಹೊತ್ತಿನಲ್ಲಿ ರ‍್ಯಾಮ್ಸ್ ಎದ್ದುನಿಂತು 17–17 ಮಾಡಿತು. ಉಳಿದದ್ದು ಒಂದು ನಿಮಿಷ 21 ಸೆಕೆಂಡು. ಟಿ.ವಿ. ವೀಕ್ಷಕ ವಿವರಣೆಕಾರ ಜಾನ್ ಮ್ಯಾಡನ್, ಸುಮ್ಮನೆ ಸಮಯ ಕಳೆದು ಹೆಚ್ಚುವರಿ ಅವಧಿಗೆ ಹೋಗುವುದೇ ಲೇಸು ಎಂದರು. ಪೇಟ್ರಿಯಟ್ಸ್ ಕೇಳಲಿಲ್ಲ. ಗಡಿಯಾರ ಸೊನ್ನೆ ಮುಟ್ಟುವಾಗ ಆಡಮ್ ವಿನಟೇರಿ 48 ಗಜದಿಂದ ಒದ್ದ ಚೆಂಡು ಕಂಬಗಳ ನಡುವೆ ಸಾಗಿತು. ಅವನನ್ನೂ ಕಾಲೇಜು ಮುಗಿದಾಗ ಯಾರೂ ಆರಿಸಿರಲಿಲ್ಲ.

ಇದನ್ನೆಲ್ಲ ಕೇಳಿ ಪೇಟ್ರಿಯಟ್ಸ್ ಅನಾಥರಿಗೆ ಆಶ್ರಯ ಕೊಟ್ಟ ಧರ್ಮಛತ್ರವೆಂದು ಯಾರೂ ತಿಳಿಯಬಾರದು. ಅಗ್ಗಕ್ಕೆ ಕೊಳ್ಳುವ ಕೈಯೇ ಸಮಯ ಬಂದಾಗ ಕತ್ತರಿಯನ್ನೂ ಹಿಡಿಯುತ್ತದೆ. ಆ ರಾತ್ರಿ ಗೆದ್ದ ತಂಡದ ಮುಖಂಡರಲ್ಲಿ ಒಬ್ಬನಾದ ಲಾಯರ್ ಮಿಲೊಯ್ ಸಂಬಳ ತಗ್ಗಿಸಿಕೊಳ್ಳಲು ಒಪ್ಪಲಿಲ್ಲವೆಂದು 2003ರ ಸೆಪ್ಟೆಂಬರ್‌ನಲ್ಲಿ, ಋತುವಿನ ಮೊದಲ ಪಂದ್ಯಕ್ಕೆ ಐದು ದಿನವಿರುವಾಗ, ಮನೆಗೆ ಕಳುಹಿಸಿದರು. ಆತ ಬಫಲೋ ಸೇರಿದ. ಮೊದಲ ಪಂದ್ಯವೇ ಬಫಲೋ ವಿರುದ್ಧ. ಪೇಟ್ರಿಯಟ್ಸ್ 31–0 ಸೋತಿತು. ತಕ್ಕ ಶಾಸ್ತಿಯಾಯಿತು ಎಂದವರೇ ಹೆಚ್ಚು. ಆದರೆ ಆ ವರ್ಷದ ಕೊನೆಗೆ ಪ್ರಶಸ್ತಿ ಮತ್ತೆ ಪೇಟ್ರಿಯಟ್ಸ್‌ಗೇ ಹೋಯಿತು. ಹಿಂಭಾಗ ಕಾಯುವ ಹೊಣೆ ಹೊತ್ತಿದ್ದವನು ರಾಡ್ನಿ ಹ್ಯಾರಿಸನ್, ಅದೇ ವರ್ಷ ಸ್ಯಾನ್ ಡಿಯಾಗೊ ತಂಡ ಕೈಬಿಟ್ಟಿದ್ದ ಆಟಗಾರ. ಲೆಕ್ಕ ಸರಿಯಿತ್ತು ಎನ್ನಬೇಕಾಗುತ್ತದೆ. ಮಿಲೊಯ್‌ಗೆ ಆದದ್ದು ಸರಿಯೇ ಎಂಬುದು ಬೇರೆ ಪ್ರಶ್ನೆ. ಇಪ್ಪತ್ತು ವರ್ಷದ ಮೇಲೂ ಬಾಸ್ಟನ್‌ನ ಅಭಿಮಾನಿಗಳಲ್ಲಿ ಅದಕ್ಕೆ ಒಮ್ಮತದ ಉತ್ತರ ಸಿಗುವುದು ಕಷ್ಟ. ವ್ರೇಬಲ್‌ಗೂ ಸರದಿ ಬಂತು. ಮೂರು ಪ್ರಶಸ್ತಿ ಗೆದ್ದುಕೊಟ್ಟ ಮೇಲೆ 2009ರಲ್ಲಿ ಅವನನ್ನು ಕ್ಯಾನ್ಸಸ್ ಸಿಟಿಗೆ ಸಾಗಹಾಕಿದರು. ಪ್ಯಾಟನ್ 2021ರಲ್ಲಿ 47ರ ವಯಸ್ಸಿನಲ್ಲಿ ಮೋಟಾರ್ ಸೈಕಲ್ ಅಪಘಾತದಲ್ಲಿ ತೀರಿಕೊಂಡ.

2023 ಮತ್ತು 2024, ಎರಡೂ ವರ್ಷ ಪೇಟ್ರಿಯಟ್ಸ್ 17 ಪಂದ್ಯಗಳಲ್ಲಿ ಗೆದ್ದದ್ದು ನಾಲ್ಕು ನಾಲ್ಕೇ. ಬೆಲಿಚಿಕ್ ಅಷ್ಟರಲ್ಲಿ ಹೋಗಿಯಾಗಿತ್ತು, ಬ್ರೇಡಿ ಆಡುವುದನ್ನೇ ಬಿಟ್ಟಾಗಿತ್ತು. 2025ರ ಜನವರಿಯಲ್ಲಿ ತಂಡ ಮುಖ್ಯ ತರಬೇತುದಾರನಾಗಿ ಕರೆತಂದದ್ದು ಇದೇ ಮೈಕ್ ವ್ರೇಬಲ್ ಅವರನ್ನು. ಅವರೂ ಒಂದು ವರ್ಷದ ಹಿಂದೆ ಟೆನೆಸ್ಸಿ ತಂಡದ ಇದೇ ಹುದ್ದೆಯಿಂದ ವಜಾ ಆಗಿದ್ದವರು. ಈ ಸಲ ಥೈಲಿ ಹಗುರವಾಗಿರಲಿಲ್ಲ: ಮಾರ್ಚ್‌ನ ಸಂತೆಯಲ್ಲಿ ಫಿಲಡೆಲ್ಫಿಯಾದಿಂದ ಮಿಲ್ಟನ್ ವಿಲಿಯಮ್ಸ್‌ಗೆ ನಾಲ್ಕು ವರ್ಷಕ್ಕೆ 10 ಕೋಟಿ 40 ಲಕ್ಷ ಡಾಲರಿನ ಕರಾರು ಕೊಟ್ಟರು. ಆ ಋತುವಿನಲ್ಲಿ ತಂಡ 17ರಲ್ಲಿ 14 ಪಂದ್ಯ ಗೆದ್ದಿತು. ವ್ರೇಬಲ್ ತಂದವರ ಪಟ್ಟಿಯಲ್ಲಿ ಹೆರಾಲ್ಡ್ ಲ್ಯಾಂಡ್ರಿ ಎಂಬ ಹೆಸರೂ ಇತ್ತು. ಟೆನೆಸ್ಸಿಯಲ್ಲಿ ಅವರ ಕೈಕೆಳಗೆ ಆಡಿ ಪಳಗಿದ್ದವನು. ಆ ತಂಡ ಅವನನ್ನು ಆಗಷ್ಟೇ ಕೈಬಿಟ್ಟಿತ್ತು.